ಸರ್ಕಿಟ್ ವ್ಯಾಯಾಮವೋ, ನೃತ್ಯ ವ್ಯಾಯಾಮವೋ?

ಪುಣೆ ಕ್ಯಾಂಪ್ ಪ್ರದೇಶದಲ್ಲಿ ಬೆಳಗಿನ ನಡಿಗೆಗೆ ರೇಸ್‌ಕೋರ್ಸ್ ಹಾಗೂ ಎಂಪ್ರೆಸ್ ಉದ್ಯಾನದ ಆಸುಪಾಸು ಅನುಕೂಲಕರವಾಗಿದೆ. ಆದರೆ ಜೂನ್ ತಿಂಗಳಿನಲ್ಲಿ ಮಳೆ ಹಿಡಿಯಿತೆಂದರೆ ನಡಿಗೆಯ ಕ್ರಮ ತಪ್ಪುತ್ತದೆ. ಆಗ ಸೂರಿನ ಕೆಳಗೆ ಮಾಡಬಹುದಾದ ವ್ಯಾಯಾಮವನ್ನು ಅರಸುವವರ ಮುಂದೆ ಸಾಮಾನ್ಯವಾಗಿ ಎರಡು ಮಾರ್ಗಗಳಿರುತ್ತವೆ: ಸರ್ಕಿಟ್ ಪದ್ಧತಿಯ ವ್ಯಾಯಾಮಶಾಲೆ ಮತ್ತು ಸಂಗೀತದೊಡನೆ ನಡೆಯುವ ನೃತ್ಯ ವ್ಯಾಯಾಮ ತರಗತಿ. ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬುದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ.

ಹೆಸರುಗಳು ಹೊಸವಾದರೂ ಎರಡೂ ನಮಗೆ ಅಪರಿಚಿತವಲ್ಲ. ಗರಡಿಮನೆಯಲ್ಲಿ ದಂಡ, ಬಸ್ಕಿ, ಗದೆ ತಿರುಗಿಸುವಿಕೆ ಒಂದಾದ ಮೇಲೊಂದು ನಡೆಯುವುದನ್ನು ಕಂಡವರಿಗೆ ಸರ್ಕಿಟ್ ಪದ್ಧತಿ ಸುಲಭವಾಗಿ ಅರ್ಥವಾಗುತ್ತದೆ. ಗಣೇಶೋತ್ಸವದ ಮೆರವಣಿಗೆಯಲ್ಲಿ ತಾಳಕ್ಕೆ ಸರಿಯಾಗಿ ಬಾಗಿ ಎದ್ದು ಲೇಜಿಮ್ ಆಡುವವರು ಮಾಡುವುದು ನೃತ್ಯ ವ್ಯಾಯಾಮವನ್ನೇ. ಇಂದಿನ ಸರ್ಕಿಟ್ ಪದ್ಧತಿಯನ್ನು 1953ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಗನ್ ಮತ್ತು ಆಡಮ್ಸನ್ ಎಂಬವರು ರೂಪಿಸಿದರು. ಹಲವು ವ್ಯಾಯಾಮಗಳನ್ನು ಒಂದೊಂದು ಸ್ಥಾನದಲ್ಲಿ ನಿಯೋಜಿಸಿ, ಅಲ್ಪ ವಿಶ್ರಾಂತಿಯೊಡನೆ ಸುತ್ತು ಪೂರೈಸುವುದು ಇದರ ಕ್ರಮ. ನೃತ್ಯ ವ್ಯಾಯಾಮದ ಪೈಕಿ ಇಂದು ಬಹು ಪ್ರಚಲಿತವಾಗಿರುವ ಜುಂಬಾ 1990ರ ದಶಕದಲ್ಲಿ ಕೊಲಂಬಿಯದ ನರ್ತಕ ಬೆಟೊ ಪೆರೆಸ್ ಅವರಿಂದ ಆರಂಭವಾಯಿತು.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮದ ಚಟುವಟಿಕೆಯಲ್ಲಿ ತೊಡಗಬೇಕು. ಮಾತನಾಡಲು ಸಾಧ್ಯವಿದ್ದು ಹಾಡಲು ಸಾಧ್ಯವಾಗದಷ್ಟು ಏದುಸಿರು ಬಂದರೆ ಅದು ಮಧ್ಯಮ ಶ್ರಮ. ಇಲ್ಲಿಯವರೆಗಿನದನ್ನು ನೃತ್ಯ ತರಗತಿಯು ಚೆನ್ನಾಗಿಯೇ ಪೂರೈಸುತ್ತದೆ. ಆದರೆ ಅದೇ ಮಾರ್ಗಸೂಚಿಯ ಮತ್ತೊಂದು ಅಂಶವನ್ನು ಹಲವರು ಮರೆಯುತ್ತಾರೆ: ವಾರಕ್ಕೆ ಕನಿಷ್ಠ ಎರಡು ದಿನ ಎಲ್ಲ ಪ್ರಮುಖ ಸ್ನಾಯುಗಳಿಗೆ ಬಲ ನೀಡುವ ವ್ಯಾಯಾಮ ಆಗಬೇಕು. ವಯಸ್ಸು ನಲವತ್ತು ದಾಟುತ್ತ ಹೋದಂತೆ ಸ್ನಾಯುಗಳು ಕ್ಷೀಣಿಸತೊಡಗುತ್ತವೆ. ರಕ್ತದಲ್ಲಿನ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸ್ನಾಯುಗಳೇ ಆದುದರಿಂದ ಮಧುಮೇಹಿಗಳಿಗೆ ಈ ನಷ್ಟ ಅಲ್ಪವಾದುದಲ್ಲ. ಕೇವಲ ಕುಣಿತದಿಂದ, ವಿಶೇಷವಾಗಿ ತೋಳು, ಎದೆ, ಬೆನ್ನಿನ ಸ್ನಾಯುಗಳಿಗೆ, ಸಾಕಷ್ಟು ಭಾರ ಬೀಳುವುದಿಲ್ಲ. ಡಂಬೆಲ್ ಮುಂತಾದವನ್ನು ಬಳಸುವ ಸರ್ಕಿಟ್ ವ್ಯಾಯಾಮದಲ್ಲಿ ಎರಡೂ ಪ್ರಯೋಜನಗಳು ಒಟ್ಟಿಗೆ ದೊರೆಯುತ್ತವೆ.

ಹಾಗೆಂದು ಎಲ್ಲರೂ ಸರ್ಕಿಟ್ ಶಾಲೆಗೇ ಸೇರಬೇಕೆಂದು ಹೇಳುವುದು ಸರಿಯಾಗದು. 2024ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದ ವಯಸ್ಕ ಮಹಿಳೆಯರಲ್ಲಿ ಶೇ. 57ರಷ್ಟು ಮತ್ತು ಪುರುಷರಲ್ಲಿ ಶೇ. 42ರಷ್ಟು ಮಂದಿಗೆ ಅಗತ್ಯವಿರುವಷ್ಟು ದೈಹಿಕ ಚಟುವಟಿಕೆಯೇ ಇಲ್ಲ. ಯಂತ್ರಗಳ ನಡುವೆ ಸಂಕೋಚಪಟ್ಟು ಹದಿನೈದು ದಿನಗಳಲ್ಲಿ ಬಿಟ್ಟುಬಿಡುವ ಗೃಹಿಣಿಯು ನೆರೆಹೊರೆಯವರ ಜೊತೆ ವರ್ಷವಿಡೀ ನೃತ್ಯ ತರಗತಿಗೆ ಹೋಗುವುದಾದರೆ ಆಕೆಗೆ ಅದೇ ಉಚಿತ. ಸ್ನಾಯುಬಲದ ಕೊರತೆಯನ್ನು ಮನೆಯಲ್ಲಿಯೇ ತುಂಬಿಕೊಳ್ಳಬಹುದು. ಕೈ ಊರದೆ ಕುರ್ಚಿಯಿಂದ ಎದ್ದು ಕುಳಿತುಕೊಳ್ಳುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ನೀರು ತುಂಬಿದ ಬಾಟಲಿಗಳನ್ನು ಎತ್ತುವುದು ಇವುಗಳನ್ನು ವಾರಕ್ಕೆರಡು ದಿನ ಮಾಡಿ, ಕ್ರಮೇಣ ಹೆಚ್ಚಿಸುತ್ತ ಹೋಗಬೇಕು. ವೃದ್ಧರಿಗೆ ನಿಧಾನಗತಿಯ ನೃತ್ಯವು ದೇಹದ ಸಮತೋಲನಕ್ಕೂ ಸಹಕಾರಿ. ಮಂಡಿನೋವಿದ್ದವರು ಮಾತ್ರ ನೆಗೆತ ಮತ್ತು ರಭಸದ ತಿರುವುಗಳನ್ನು ಬಿಡತಕ್ಕದ್ದು. ಅಂಥವರಿಗೆ ತಮ್ಮದೇ ವೇಗದಲ್ಲಿ ಸಾಗಬಹುದಾದ ಸರ್ಕಿಟ್ ಹೆಚ್ಚು ಹೊಂದುತ್ತದೆ.

ವಾರ್ಷಿಕ ಶುಲ್ಕ ಕಟ್ಟುವ ಮೊದಲು ಒಂದು ದಿನ ಕುಳಿತು ನೋಡುವುದು ಲೇಸು. (ಜನವರಿಯಲ್ಲಿ ಕಟ್ಟಿದ ಹಣ ಯುಗಾದಿಯ ಹೊತ್ತಿಗೆ ಮರೆತುಹೋಗಿರುವುದುಂಟು.) ಶಿಕ್ಷಕರು ಹೊಸಬರ ಕಾಯಿಲೆಗಳನ್ನು ವಿಚಾರಿಸುತ್ತಾರೆಯೇ, ತಪ್ಪು ಭಂಗಿಯನ್ನು ತಿದ್ದುತ್ತಾರೆಯೇ, ನೆಲ ಜಾರುತ್ತದೆಯೇ, ಗಾಳಿಯಾಡುತ್ತದೆಯೇ ಎಂಬುದನ್ನು ಗಮನಿಸಬೇಕು.

ಹೃದ್ರೋಗ ಅಥವಾ ನಿಯಂತ್ರಣಕ್ಕೆ ಬಾರದ ರಕ್ತದೊತ್ತಡ ಉಳ್ಳವರು ವೈದ್ಯರ ಸಲಹೆ ಪಡೆದೇ ಪ್ರಾರಂಭಿಸತಕ್ಕದ್ದು. ಇನ್‌ಸುಲಿನ್ ತೆಗೆದುಕೊಳ್ಳುವವರು ಸಕ್ಕರೆ ಅಥವಾ ಗ್ಲೂಕೋಸನ್ನು ಜೊತೆಗಿರಿಸಿಕೊಳ್ಳಬೇಕು. ಎದೆನೋವು, ತಲೆಸುತ್ತು, ಅಸಹಜವಾದ ಉಸಿರುಗಟ್ಟುವಿಕೆ ಕಂಡೊಡನೆ, ಸಂಗೀತ ನಡೆಯುತ್ತಿದ್ದರೂ ಸರಿಯೆ, ವ್ಯಾಯಾಮ ನಿಲ್ಲಿಸಿ ಶಿಕ್ಷಕರಿಗೆ ತಿಳಿಸಬೇಕು. ಎದೆನೋವು ಶಮನವಾಗದಿದ್ದಲ್ಲಿ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.