ಕಾಣದ ಕೆಲಸಕ್ಕೆ ಬೆಲೆ ಕೇಳು, ತಮ್ಮಾ

ಪ್ರೀತಿಯ ತಮ್ಮಾ,

ಸ್ವಂತ ಗುತ್ತಿಗೆ ಹಿಡಿಯಲು ಹೊರಟಿದ್ದೀ ಎಂದು ಕೇಳಿ ಸಂತೋಷವಾಯಿತು. ಇಷ್ಟು ದಿನ ಮೇಸ್ತ್ರಿಯ ಕೈಕೆಳಗೆ ಹಾಜರಿ ಲೆಕ್ಕದಲ್ಲಿ ದುಡಿದೆ. ಇನ್ನು ಬೀದರ್, ಭಾಲ್ಕಿ, ಔರಾದ್ ಮೂರೂ ಕಡೆ ಸುಣ್ಣ-ಬಣ್ಣದ ಕೆಲಸಕ್ಕೆ ನಿನ್ನ ಹೆಸರೇ ಮುಂದೆ ಇರುತ್ತದೆ. ಇದೇ ಹಾದಿಯಲ್ಲಿ ಇನ್ನೂ ನಾಲ್ಕಾರು ಹುಡುಗರಿದ್ದಾರೆ. ಅದಕ್ಕೇ ಈ ಪತ್ರವನ್ನು ನಿನ್ನ ಕೈಗೆ ಮಡಚಿ ಕೊಡದೆ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಬ್ರಷ್ಷು, ರೋಲರ್ ಹಿಡಿಯುವುದನ್ನು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ನೀನು ಕಲಿಯಬೇಕಾದ್ದು ಬಣ್ಣಕ್ಕಿಂತ ಮುಂಚಿನ ಕೆಲಸಕ್ಕೆ ರೊಕ್ಕ ಕೇಳುವುದನ್ನು. ಹಳೆಯದನ್ನು ಕೆರೆಯುವುದು, ತೊಳೆಯುವುದು, ಒಣಗಲು ಬಿಡುವುದು, ಬಿರುಕು ತುಂಬುವುದು, ಪುಟ್ಟಿ ಎಳೆದು ಪಾಲಿಶ್ ಕಾಗದದಿಂದ ತಿಕ್ಕುವುದು: ಕೆಲಸ ಮುಗಿದ ಮೇಲೆ ಇದರಲ್ಲಿ ಒಂದೂ ಮಾಲಕನ ಕಣ್ಣಿಗೆ ಬೀಳುವುದಿಲ್ಲ. ಕಾಣದ್ದಕ್ಕೆ ಯಾರು ಕೊಟ್ಟಾರು ಎಂದು ನಮ್ಮವರು ಅಂದಾಜಿನಲ್ಲಿ ಅದನ್ನು ಬರೆಯುವುದೇ ಇಲ್ಲ. ಬರೆಯದ ಕೆಲಸ ಮಾಡಲು ಕೈಯೂ ಬರುವುದಿಲ್ಲ. ‘ಮ್ಯಾಲಿಂದ ಮ್ಯಾಲೆ ಎರಡು ಕೈ ಹಚ್ಚಿ ಕೊಟ್ಟುಬಿಡಪ್ಪ, ಹಬ್ಬ ಬಂತು’ ಅನ್ನುವ ಮಾಲಕ, ‘ಆಯ್ತ್ರಿ’ ಅನ್ನುವ ಪೇಂಟರ್, ಇಬ್ಬರೂ ಸೇರಿಯೇ ಗೋಡೆ ಕೆಡಿಸುತ್ತಾರೆ. ಆದರೆ ಹೆಸರು ಕೆಡುವುದು ಒಬ್ಬನದೇ.

ನಮ್ಮ ಕಡೆಯ ಗೋಡೆಗಳ ಸ್ವಭಾವ ಒಂದೇ ಅಲ್ಲ. ಬೀದರ್ ನಗರ ಕೂತಿರುವುದು ಕೆಂಪು ಕಲ್ಲಿನ ದಿನ್ನೆಯ ಮೇಲೆ. ಕೋಟೆಯ ಮೂರು ಸುತ್ತಿನ ಕಂದಕವನ್ನು ಕಡಿದದ್ದೂ ಅದೇ ಕಲ್ಲಿನಲ್ಲಿ. ಚೌಬಾರಾ ಗೋಪುರದ ಸುತ್ತಲಿನ ಹಳೆಯ ಓಣಿಗಳಲ್ಲಿ ಎಷ್ಟೋ ಮನೆಗಳ ಗೋಡೆ ಒಳಗೊಳಗೆ ಆ ತೂತು ತೂತು ಕಲ್ಲೇ. ಮಳೆಗಾಲದಲ್ಲಿ ಅದು ನೀರು ಕುಡಿಯುತ್ತದೆ, ಆಮೇಲೆ ನಿಧಾನಕ್ಕೆ ಬಿಡುತ್ತದೆ. ಹಿಂದಿನವರು ಗಚ್ಚು ಬಳಿದು ಮೇಲೆ ಸುಣ್ಣ ಹಚ್ಚುತ್ತಿದ್ದರು. ಒಳಗೆ ಬಂದ ತೇವ ಸುಣ್ಣದ ಮೂಲಕ ಹೊರಗೆ ಹೋಗುತ್ತಿತ್ತು. ಈಗ ಅದೇ ಗೋಡೆಗೆ ಸಿಮೆಂಟ್ ಗಿಲಾಯಿ, ಸೊಂಟದೆತ್ತರಕ್ಕೆ ಆಯಿಲ್ ಪೇಂಟ್. ಹೋಗಲು ದಾರಿ ಇಲ್ಲದ ನೀರು ಆಯಿಲ್ ಪೇಂಟಿನ ಗೆರೆ ದಾಟಿ ಮೇಲೇರುತ್ತದೆ, ಉಪ್ಪು ಹೂವಿನಂತೆ ಅರಳುತ್ತದೆ, ಬಣ್ಣ ಪದರು ಪದರಾಗಿ ಉದುರುತ್ತದೆ. ಮಾಲಕ ಕಂಪನಿಯನ್ನು ಬೈಯುತ್ತಾನೆ. ಡಬ್ಬಿಯದೇನೂ ತಪ್ಪಿರುವುದಿಲ್ಲ.

ಆದ್ದರಿಂದ ಬಣ್ಣದ ಕಾರ್ಡ್ ತೆಗೆಯುವ ಮುಂಚೆ ನೀರು ಎಲ್ಲಿಂದ ಬರುತ್ತದೆಂದು ಹುಡುಕು. ಮಾಳಿಗೆಯ ನೀರು ಇಳಿಯುವ ಪೈಪು ಒಡೆದಿದೆಯೇ, ಗೋಡೆಯ ಆಚೆ ಬಚ್ಚಲವಿದೆಯೇ, ಹೊರಗೆ ರಸ್ತೆಯ ಮೇಲೆ ರಸ್ತೆ ಹಾಕುತ್ತಾ ಹೋಗಿ ಮನೆಯ ನೆಲ ಕೆಳಗಾಗಿದೆಯೇ, ಎಲ್ಲ ನೋಡು. ಅನುಮಾನವಿದ್ದರೆ ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡು. ಹಾಳೆಯ ಹಿಂದೆ ಹನಿ ಕೂಡಿದ್ದರೆ ಅಥವಾ ಅಷ್ಟು ಜಾಗ ಕಪ್ಪಾಗಿದ್ದರೆ ಆ ಗೋಡೆಗೆ ಇನ್ನೂ ಕೈ ಹಾಕಬೇಡ. ‘ಮೊದಲು ನಳದವರನ್ನು ಕರೀರಿ, ಆಮೇಲೆ ನನ್ನನ್ನು’ ಎಂದು ಹೇಳಿ ಎದ್ದು ಬಾ. ಆ ಮನೆ ಕೈತಪ್ಪಿ ಹೋಗಬಹುದು, ಹೋಗಲಿ. ಹಳೆಯ ಗಚ್ಚಿನ ಗೋಡೆಯ ಮನೆಯವರಿಗೆ ಸುಣ್ಣವೇ ಸಾಕೆಂದು ಹೇಳಲು ನಾಚಬೇಡ. ಚೆನ್ನಾಗಿ ಅರಳಿಸಿ, ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಅಂಟು ಕೂಡಿಸಿ ತೆಳ್ಳಗೆ ಮೂರು ಕೈ ಹಚ್ಚಿದ ಸುಣ್ಣಕ್ಕೆ ಇವತ್ತಿಗೂ ಒಂದು ಬೆಳಕಿದೆ. ಅರಳಿಸುವಾಗ ಮಾತ್ರ ಕಣ್ಣು ಜೋಪಾನ.

ಭಾಲ್ಕಿ, ಔರಾದ್ ಕಡೆ ಎರೆಮಣ್ಣಿನ ಮೇಲೆ ಕಟ್ಟಿದ ಮನೆಗಳ ಕಥೆ ಬೇರೆ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಬುನಾದಿಯನ್ನೂ ಜೊತೆಗೆ ಆಡಿಸುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಕಂಬಕ್ಕೂ ಇಟ್ಟಿಗೆ ಗೋಡೆಗೂ ನಡುವಿನ ನೆಟ್ಟನೆಯ ಬಿರುಕು ಕಂಡರೆ ಬರೀ ಪುಟ್ಟಿ ಮೆತ್ತಬೇಡ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ಪಕ್ಕದಲ್ಲಿ ತಾರೀಖು ಬರೆ. ತಿಂಗಳುಗಳ ಮೇಲೂ ಗುರುತು ದಾಟಿಲ್ಲವಾದರೆ ಬಾಯಿ ಅಗಲಿಸಿ, ಧೂಳು ತೆಗೆದು, ಹಿಗ್ಗುವ-ಕುಗ್ಗುವ ಪೇಸ್ಟ್ ತುಂಬಿ, ಜಾಳಿಗೆ ಪಟ್ಟಿ ಅಂಟಿಸಿ ಮುಂದುವರಿ. ದಾಟಿದ್ದರೆ ಅದು ನಮ್ಮ ಕೆಲಸವಲ್ಲ. ಗೌಂಡಿಯನ್ನೋ ಎಂಜಿನಿಯರನ್ನೋ ಕರೆಸಲು ಹೇಳು. ಹೊಸ ಗಿಲಾಯಿ ಇದ್ದರೆ ಕನಿಷ್ಠ 28 ದಿನ ಬಿಡಬೇಕೆಂಬುದನ್ನು ಗೃಹಪ್ರವೇಶದ ಮುಹೂರ್ತ ಹಿಡಿದುಕೊಂಡು ಬಂದವರಿಗೆ ಹೇಳುವುದು ಕಷ್ಟ. ಆದರೂ ಹೇಳು.

ಕೆಳಗಿನ ಕೆಲಸ ಗಟ್ಟಿಯಿದ್ದರೆ ಬಣ್ಣ ಎಷ್ಟು ಕಾಲ ಉಳಿಯುತ್ತದೆಂದು ನೋಡಲು ಒಂದು ಬೆಳಗ್ಗೆ ಬೀದರ್ ಪಕ್ಕದ ಅಷ್ಟೂರಿಗೆ ಹೋಗಿ ಬಾ. ಜಾತ್ರೆಗೆ ಹೋಗಿರುತ್ತೀ, ಈ ಸಲ ಪೇಂಟರ್ ಆಗಿ ಹೋಗು. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿಯೊಳಗೆ ತಲೆಯೆತ್ತಿ ನೋಡು. ಗುಮ್ಮಟದ ಒಳಮೈ, ಗೋಡೆ ಎಲ್ಲ ಕೆಂಪು, ನೀಲಿ, ಬಂಗಾರದ ಬಣ್ಣದ ಬಳ್ಳಿ ಮತ್ತು ಬರಹ. ಮಾಸಿದೆ, ಅಲ್ಲಲ್ಲಿ ಹೋಗಿದೆ; ಆದರೂ ಆರು ನೂರು ವರ್ಷದ ಹತ್ತಿರ ಬಂತು, ಇನ್ನೂ ಇದೆ. ಕೆಳಗಿನ ಗಚ್ಚು ಎಷ್ಟು ನುಣುಪಿದೆ ನೋಡು; ಮುಟ್ಟಬೇಡ, ಕಾವಲಿನವರು ಬೈಯುತ್ತಾರೆ, ಬೈಯಬೇಕಾದ್ದೇ. ಅಲ್ಲಿಂದ ಪಕ್ಕದ ಗೋರಿಗೆ ಬಾ, ಅವನ ಮಗ ಅಲಾವುದ್ದೀನನದು. ಅಲ್ಲಿ ಹೊರಗೋಡೆಗೆ ಬಣ್ಣ ಬಳಿದಿಲ್ಲ. ಮೆರುಗು ಕೊಟ್ಟು ಸುಟ್ಟ ಬಣ್ಣದ ಹೆಂಚು ಕೂಡಿಸಿದ್ದಾರೆ. ಊರೊಳಗೆ 1472ರ ಮಹಮೂದ್ ಗವಾನ್ ಮದರಸಾದ ಮುಂಭಾಗದಲ್ಲೂ ಅದೇ ಹೆಂಚು. ಮದ್ದು ಸಿಡಿದು ಕಟ್ಟಡದ ಒಂದು ಭಾಗ ಹೋದರೂ ಉಳಿದ ಗೋಡೆಯ ಮೇಲೆ ಅದರ ನೀಲಿ ಇನ್ನೂ ಕಾಣುತ್ತದೆ. ಮಳೆ-ಬಿಸಿಲಿಗೆ ಒಂದು ಸಾಮಾನು, ನೆರಳಿಗೆ ಇನ್ನೊಂದು. ಇವತ್ತು ಒಳಗೋಡೆಯ ಎಮಲ್ಷನ್ ಉಳಿದಿದೆಯೆಂದು ಅದನ್ನೇ ಕಾಂಪೌಂಡಿಗೆ ಹಚ್ಚಿಬಿಡುವ ಬುದ್ಧಿವಂತರನ್ನು ಅಷ್ಟೂರಿಗೆ ಕರೆದುಕೊಂಡು ಹೋಗಬೇಕು.

ಈಗ ದಂಧೆಯ ಮಾತು. ನಮ್ಮ ಕೆಲಸ ದಸರಾ-ದೀಪಾವಳಿಗೆ ಒಮ್ಮೆ ಉಕ್ಕುತ್ತದೆ, ರಂಜಾನ್ ಮುಂಚೆ ಇನ್ನೊಮ್ಮೆ, ಮದುವೆ ಕಾಲದಲ್ಲಿ ಮತ್ತೊಮ್ಮೆ. ರಂಜಾನ್ ವರ್ಷಕ್ಕೆ ಸುಮಾರು 11 ದಿನ ಮುಂಚಿತವಾಗುತ್ತಾ ಬರುತ್ತದೆ. ಬೇಸಿಗೆಯಿಂದ ಜಾರಿ ಅದು ಚಳಿಗಾಲದ ಕಡೆ ಹೊರಟಿದೆ; ದೀಪಾವಳಿಯ ನಂತರದ ಲಗ್ನಗಳ ಕೆಲಸಕ್ಕೂ ಅದಕ್ಕೂ ನಡುವೆ ಇದ್ದ ಬಿಡುವು ವರ್ಷ ವರ್ಷ ಕಿರಿದಾಗುತ್ತದೆ. ಮನೆ ಒಪ್ಪಿಕೊಳ್ಳುವಾಗ ಪಂಚಾಂಗ, ಚಂದ್ರನ ಲೆಕ್ಕ ಎರಡನ್ನೂ ನೋಡು. ಮಳೆಗಾಲದಲ್ಲಿ ಕೆಲಸವಿಲ್ಲವೆಂದು ಹೈದರಾಬಾದಿಗೆ ಓಡುವವರೇ ಹೆಚ್ಚು. ನೀನು ಓಡಬೇಡ. ಮನೆ ನೋಡಲು ಜುಲೈ-ಆಗಸ್ಟಿಗಿಂತ ಒಳ್ಳೆಯ ಕಾಲವಿಲ್ಲ. ಬೇಸಿಗೆಯಲ್ಲಿ ಸುಳ್ಳು ಹೇಳುವ ಗೋಡೆ ಮಳೆಯಲ್ಲಿ ನಿಜ ಹೇಳುತ್ತದೆ. ಹಳೆಯ ಗಿರಾಕಿಗಳ ಮನೆಗೆ ಹೋಗಿ ತೇವದ ಕಲೆಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಬಾ. ಮಳೆ ನಿಂತ ಮೇಲೆ ಅಂದಾಜು ಕೊಡುವಾಗ ಆ ಗೆರೆ ನಿನ್ನ ಪರವಾಗಿ ಮಾತಾಡುತ್ತದೆ. ಕಾಣದ ಕೆಲಸಕ್ಕೆ ಬೆಲೆ ಕೇಳುವ ಉಪಾಯ ಅದೇ, ಒಮ್ಮೆ ಕಾಣುವಂತೆ ಮಾಡುವುದು.

ಅಂದಾಜು ಕಣ್ಣಳತೆಯಲ್ಲಿ ಬೇಡ, ಟೇಪು ಹಿಡಿ. 10 ಅಡಿಗೆ 12 ಅಡಿ ಖೋಲಿ, ಎತ್ತರ 10 ಅಡಿ ಎಂದುಕೋ. ನಾಲ್ಕು ಗೋಡೆ 440 ಚದರಡಿ, ಮೇಲಿನ ಛತ್ತು 120, ಕೂಡಿ 560. ಮೂರಕ್ಕೆ ಏಳು ಬಾಗಿಲು, ನಾಲ್ಕಕ್ಕೆ ನಾಲ್ಕು ಕಿಟಕಿ ಕಳೆದರೆ 523. ಈ ಸಂಖ್ಯೆಯ ಎದುರು ಒಂದೊಂದು ಸಾಲಾಗಿ ಬರೆ: ಕೆರೆತಕ್ಕೆ ಇಷ್ಟು, ಪುಟ್ಟಿ ಎಷ್ಟು ಕೈ, ಪ್ರೈಮರ್ ಎಷ್ಟು ಕೈ, ಬಣ್ಣ ಯಾವುದು, ಎಷ್ಟು ಕೈ. ಸಾಮಾನು ಸರಿಸುವವರು ಯಾರು, ನೆಲ ಒರೆಸುವವರು ಯಾರು ಎಂಬುದೂ ಬರಲಿ; ಜಗಳ ಹುಟ್ಟುವುದು ಕಪಾಟಿನ ಹಿಂದೆಯೇ. ಮಾಲಕ ಪುಟ್ಟಿಯ ಸಾಲು ಹೊಡೆದುಹಾಕು ಅಂದರೆ ಹೊಡೆದುಹಾಕು. ಆದರೆ ಹೊಡೆದದ್ದು ಕಾಗದದ ಮೇಲೆ ಕಾಣುತ್ತಿರಲಿ, ಕೆಳಗೆ ಅವರ ಸಹಿ ಇರಲಿ. ಔರಾದಿಗೆ ರೈಲಿಲ್ಲ, ಏಣಿ-ಸಾಮಾನು ಟೆಂಪೋದಲ್ಲೇ ಹೋಗಬೇಕು. ಅದರ ಬಾಡಿಗೆಯನ್ನು ಬಣ್ಣದ ದರದಲ್ಲಿ ಅಡಗಿಸದೆ ಬೇರೆ ಸಾಲಿನಲ್ಲಿ ಬರೆ.

ಮಾತು ಎದುರಿನವರ ಬಾಯಿಗೆ ತಕ್ಕಂತೆ ಇರಲಿ. ಔರಾದಿನಲ್ಲಿ ಮರಾಠಿ ನಡೆಯುತ್ತದೆ, ಬೀದರಿನ ಹಳೆಯ ಓಣಿಯಲ್ಲಿ ದಖನಿ, ಗಡಿ ಕಡೆ ತೆಲುಗು. ಲೆಕ್ಕದ ಕಾಗದ ಮಾತ್ರ ಕನ್ನಡದಲ್ಲಿ ಬರೆ ಎಂಬುದು ನನ್ನ ಹಟ. ಭಾಲ್ಕಿಯ ಮಠದ ಸ್ವಾಮಿಗಳಾದ ಚನ್ನಬಸವ ಪಟ್ಟದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು. ಆ ಫಲಕ ಬರೆದ ಪೇಂಟರ್ ಯಾರೋ ಗೊತ್ತಿಲ್ಲ, ಆದರೆ ಒಳಗೇನು ನಡೆಯುತ್ತದೆಂದು ಅವನಿಗೆ ತಿಳಿದಿರಲಿಲ್ಲವೆಂದರೆ ನಾನು ನಂಬುವುದಿಲ್ಲ.

ಬಣ್ಣದ ಡಬ್ಬಿಯೊಳಗಿನ ಬಹುಮಾನದ ಟೋಕನ್ ವಿಷಯ ಮುಚ್ಚಿಡುವುದು ಬೇಡ. ಪೇಂಟರಿಗೆಂದೇ ಕಂಪನಿಗಳು ಹಾಕುತ್ತವೆ, ತೆಗೆದುಕೋ, ಅದರಲ್ಲಿ ಪಾಪವಿಲ್ಲ. ಅಂಗಡಿಯವನು ಮಾಲಕನ ಬಿಲ್ಲಿನಲ್ಲಿ ಏರಿಸಿ ನಿನ್ನ ಜೇಬಿಗೆ ಹಾಕುವ ಕಮಿಷನ್ ಮಾತ್ರ ಬೇರೆ. ‘ಎಲ್ಲರೂ ತಗೋತಾರ’ ಅನ್ನುತ್ತಾರೆ. ಯಾಕೆ ತಗೋತಾರೆ ಎಂದು ಯೋಚಿಸು: ಕೆರೆತಕ್ಕೆ, ತಿಕ್ಕಾಟಕ್ಕೆ ನೇರವಾಗಿ ಕೇಳಲು ಬಾಯಿ ಬಾರದ್ದಕ್ಕೆ ಹಿಂಬಾಗಿಲಿನಿಂದ ವಸೂಲಿ. ಹಾಗೆ ಬಂದ ರೊಕ್ಕಕ್ಕೆ ಬೇಕಾಗುವುದು ಹೆಚ್ಚು ಡಬ್ಬಿ, ಒಳ್ಳೆಯ ಗೋಡೆಯಲ್ಲ. ಲೇಬರ್ ದರ ಸರಿಯಾಗಿ ಹೇಳಿ, ಸಾಮಾನನ್ನು ಮಾಲಕನೇ ಕೊಳ್ಳಲಿ, ಬಿಲ್ಲು ಅವನ ಹೆಸರಿಗೇ ಬರಲಿ.

ಹಳೆಯ ಬಾಗಿಲು, ಗ್ರಿಲ್ಲುಗಳ ಆಯಿಲ್ ಪೇಂಟನ್ನು ಒಣಗಿದ್ದಂತೆಯೇ ತಿಕ್ಕಬೇಡ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಪದರಿನಲ್ಲಿ ಎಷ್ಟಿದೆಯೋ ಕಣ್ಣಿಗೆ ತಿಳಿಯದು. ನೀರು ಹಚ್ಚಿ ತಿಕ್ಕು, ಮೂಗಿಗೆ ಮಾಸ್ಕ್ ಕಟ್ಟು, ಉದುರಿದ್ದನ್ನು ಗುಡಿಸಿ ಚೀಲಕ್ಕೆ ತುಂಬು. ಅಂಗಳದಲ್ಲಿ ಮಕ್ಕಳು ಆಡುತ್ತಾರೆ. ಕೈ ತೊಳೆಯದೆ ರೊಟ್ಟಿ ಬಿಚ್ಚಬೇಡ, ತಂಬಾಕು ತಿಕ್ಕಬೇಡ. ಹೊರಗೋಡೆಗೆ ಏಣಿ ಹಾಕುವ ಮುಂಚೆ ತಲೆಯೆತ್ತಿ ತಂತಿ ನೋಡು. ಬಾಲ್ಕನಿಗೆ ಲೈನು ಹತ್ತಿರವಿದ್ದರೆ ವಿದ್ಯುತ್ ಕಂಪನಿ ಜೆಸ್ಕಾಂಗೆ ಹೇಳಿ ಕರೆಂಟ್ ತೆಗೆಸದೆ ಕಬ್ಬಿಣದ ಪೈಪಿನ ರೋಲರ್ ಎತ್ತಲೇಬೇಡ.

ಇನ್ನು ನೀನೂ ನಾಲ್ಕು ಜನರಿಗೆ ಮಾಲಕ. 18ರಿಂದ 60 ವಯಸ್ಸಿನೊಳಗಿನ ಪೇಂಟರ್, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಅಪಘಾತವಾದರೆ, ಮಕ್ಕಳ ಓದಿಗೆ, ಆಸ್ಪತ್ರೆಗೆ ಅಲ್ಲಿ ಸಹಾಯವಿದೆ. 90 ದಿನ ದುಡಿದದ್ದಕ್ಕೆ ಸಾಕ್ಷಿ ಹೇಳಬೇಕಾದವನು ನೀನೇ, ಆದ್ದರಿಂದ ಹಾಜರಿ ಪುಸ್ತಕ ಇಡು. ಒಂದು ದಿನವೂ ಬ್ರಷ್ಷು ಹಿಡಿಯದ ಗೆಳೆಯ ಸಹಿ ಕೇಳಲು ಬರುತ್ತಾನೆ, ಹಾಕಬೇಡ. ನೀರು ಹೊತ್ತು, ಗೋಡೆ ಕೆರೆದು, ನೆಲ ಒರೆಸುವ ಹೆಣ್ಣುಮಕ್ಕಳ ಹೆಸರನ್ನೂ ಆ ಪುಸ್ತಕದಲ್ಲಿ ಬರೆ. ನಮ್ಮ ಕಾಲದಲ್ಲಿ ಅವರನ್ನು ಪೇಂಟರ್ ಎಂದು ಯಾರೂ ಎಣಿಸಲಿಲ್ಲ, ಗೋಡೆಯ ಅರ್ಧ ಕೆಲಸ ಅವರದೇ ಆಗಿದ್ದರೂ. ಅವರ ಪಗಾರವನ್ನೂ ಅದೇ ಲೆಕ್ಕದಲ್ಲಿ ನೋಡು.

ಭಾಲ್ಕಿಯ ಒಂದು ಮನೆಗೆ ಈ ವಾರ ಅಳತೆಗೆ ಹೋಗುವವನಿದ್ದೀಯಂತೆ. ಗೋಡೆಯ ಲೆಕ್ಕದಲ್ಲಿ ಕಳೆದ ಬಾಗಿಲನ್ನು ಬೇರೆ ಸಾಲಿನಲ್ಲಿ ಮತ್ತೆ ಹಿಡಿಯುವಾಗ ಎರಡೂ ಮೈ, ಚೌಕಟ್ಟು, ಮೇಲಂಚು ಎಲ್ಲ ಸೇರಿಸು. ಮೇಲಂಚಿಗೆ ಬಣ್ಣ ಬೀಳದ ಬಾಗಿಲು ಅಲ್ಲಿಂದಲೇ ತೇವ ಕುಡಿದು ಉಬ್ಬಿ ಮಳೆಗಾಲದಲ್ಲಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಅಂದಾಜು ಬರೆದ ಮೇಲೆ ಒಮ್ಮೆ ನನಗೂ ತೋರಿಸು.

ಇಂತಿ ನಿನ್ನ ಹಿರಿಯ,
ಬೀದರಿನ ಹಳೆಯ ಪೇಂಟರ್