ಎಳೆಯರ ಕೈಗೆ ಬಂದ ಫಿಗಾರೊ

ಪಾಶ್ಚಾತ್ಯರ ಸಂಗೀತ ನಾಟಕಕ್ಕೆ ಆಪೆರಾ ಎಂದು ಹೆಸರು. ತೆರೆ ಏಳುವುದಕ್ಕೆ ಮುಂಚೆ ವಾದ್ಯವೃಂದವು ನುಡಿಸುವ ಪೀಠಿಕೆಯೇ ಓವರ್ಚರ್. ಮೊಟ್ಸಾರ್ಟನ ‘ಫಿಗಾರೊನ ಮದುವೆ’ 1786ರ ಮೇ 1ರಂದು ವಿಯೆನ್ನಾದ ಬುರ್ಗ್ ರಂಗಮಂದಿರದಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾಯಿತು. ಅದರ ಓವರ್ಚರ್ ಸುಮಾರು ನಾಲ್ಕು ನಿಮಿಷಗಳದು. ತಂತಿವಾದ್ಯಗಳೂ ಬಸೂನುಗಳೂ ಪಿಸುಮಾತಿನಂತೆ ಒಂದು ಓಟವನ್ನು ಆರಂಭಿಸುತ್ತವೆ. ಸ್ವಲ್ಪ ಹೊತ್ತಿನಲ್ಲಿಯೇ ತುತ್ತೂರಿ, ಭೇರಿಗಳೊಡನೆ ಇಡೀ ವೃಂದ ಸಿಡಿದೇಳುತ್ತದೆ. ಒಂದೇ ದಿನದಲ್ಲಿ ನಡೆದು ಮುಗಿಯುವ ಕಥೆಯ ಗಡಿಬಿಡಿಯೆಲ್ಲ ಈ ನಾದದಲ್ಲಿ ಅಡಗಿದೆ.

ನುರಿತ ವಾದಕರಿಗಾಗಿ ರಚಿತವಾದ ಇಂಥ ಕೃತಿಯನ್ನು ವಿದ್ಯಾರ್ಥಿಗಳ ವೃಂದಕ್ಕೆ ಹೊಂದುವಂತೆ ಅಳವಡಿಸುವುದುಂಟು. ಕೆಲಸ ತೋರುವಷ್ಟು ಸುಲಭವಲ್ಲ. ಮೂಲ ಕೃತಿ ಡಿ ಮೇಜರ್ ಶ್ರುತಿಯಲ್ಲಿದೆ. ಪಿಟೀಲಿನ ನಾಲ್ಕು ತಂತಿಗಳಲ್ಲಿ ಒಂದು ಡಿ ಸ್ವರದ್ದೇ ಆದುದರಿಂದ ಎಳೆಯ ಪಿಟೀಲುವಾದಕರಿಗೆ ಇದು ಅನುಕೂಲ. ಆದರೆ ಶಾಲೆಗಳಲ್ಲಿ ಸಾಮಾನ್ಯವಾಗಿ ದೊರೆಯುವ ಬಿ ಫ್ಲ್ಯಾಟ್ ಕ್ಲಾರಿನೆಟ್ಟಿನವರು ಅದೇ ಶ್ರುತಿಗೆ ನಾಲ್ಕು ಶಾರ್ಪುಗಳೊಡನೆ ಸೆಣಸಬೇಕು. ಶ್ರುತಿಯನ್ನು ಸಿ ಮೇಜರಿಗೆ ಇಳಿಸಿದರೆ ಊದುವವರಿಗೆ ಹಿತ, ಪಿಟೀಲುಗಳಿಗೆ ನಷ್ಟ. ಬಸೂನು ಇಲ್ಲದ ಕಡೆ ಅದರ ಭಾಗವನ್ನು ಚೆಲ್ಲೋ ನುಡಿಸಬಹುದು.

ಕಷ್ಟವಾದ ಓಟವನ್ನು ಮೊದಲ ಪಿಟೀಲುಗಳಿಗೆ ಮಾತ್ರ ಬಿಟ್ಟು, ಉಳಿದವರಿಗೆ ನೀಳವಾದ ಸ್ವರಗಳನ್ನು ಹಂಚುವ ಅಳವಡಿಕೆಗಳೂ ಇವೆ. ಇದು ತಕ್ಕುದಲ್ಲ. ಮೂಲದಲ್ಲಿ ವಿಯೋಲಾ ಮತ್ತು ಚೆಲ್ಲೋಗಳೂ ಪಿಟೀಲುಗಳೊಡನೆ ಓಡುತ್ತವೆ. ಆ ಸಹಗಮನವೇ ಆರಂಭದ ಸೊಗಸು. ಹಿಂದಿನ ಸಾಲಿನಲ್ಲಿ ಒಂದೇ ಸ್ವರವನ್ನು ಎಳೆಯುತ್ತ ಕುಳಿತ ಬಾಲಕನಿಗೆ ಫಿಗಾರೊನ ಪರಿಚಯವಾದರೂ ಹೇಗಾದೀತು? ಓಟವನ್ನು ತುಂಡರಿಸುವುದಕ್ಕಿಂತ ವೇಗವನ್ನು ತಗ್ಗಿಸುವುದು ಲೇಸು.

ಕೃತಿಯನ್ನು ಮೊಟಕುಗೊಳಿಸುವುದು ಅಪಚಾರವೆಂದು ಕೆಲವರು ಭಾವಿಸಬಹುದು. ಆದರೆ ಓವರ್ಚರಿನ ನಡುವೆ ಒಂದು ವಿಳಂಬ ಭಾಗವನ್ನು ಸೇರಿಸಲು ತೊಡಗಿ, ಬಳಿಕ ಅದನ್ನು ಹೊಡೆದುಹಾಕಿದವನು ಸ್ವತಃ ಮೊಟ್ಸಾರ್ಟನೇ! ಅಳವಡಿಕೆಯೂ ಅವನಿಗೆ ಹೊಸದಲ್ಲ. 1782ರ ಜುಲೈಯಲ್ಲಿ ತನ್ನ ಮತ್ತೊಂದು ಆಪೆರಾ ರಂಗವೇರಿದ ಕೆಲವೇ ದಿನಗಳಲ್ಲಿ, ಅದನ್ನು ಊದುವಾದ್ಯಗಳಿಗೆ ಬೇಗನೆ ಹೊಂದಿಸದಿದ್ದರೆ ಬೇರೆ ಯಾರಾದರೂ ಆ ಕೆಲಸ ಮಾಡಿ ಲಾಭ ಪಡೆಯುವರೆಂದು ಅವನು ತಂದೆಗೆ ಕಾಗದ ಬರೆದನು.

ಅಳವಡಿಕೆ ಎಷ್ಟೇ ಸರಳವಾಗಿದ್ದರೂ ಆರಂಭದ ಮೆಲುದನಿ ಮಾತ್ರ ಮಕ್ಕಳ ಪಾಲಿಗೆ ಕಠಿಣವಾಗಿಯೇ ಉಳಿಯುತ್ತದೆ. ಅಷ್ಟು ಜನರೂ ಕಮಾನಿನ ಭಾರವನ್ನು ಒಮ್ಮೆಗೇ ಇಳಿಸಿ, ಪಕ್ಕದವನ ನಾದಕ್ಕೆ ಕಿವಿಗೊಟ್ಟು ನುಡಿಸಬೇಕು. ಮೊದಲ ಏಳು ಮಾತ್ರೆಗಣಗಳಿಗೇ ಅಭ್ಯಾಸದ ಎಷ್ಟೋ ಹೊತ್ತು ಸಂದುಹೋಗುತ್ತದೆ.