ಪಕ್ಕದ ವಿಭಾಗಕ್ಕೂ ಹೋಗಿ ಬನ್ನಿ

ಪಿಎಚ್.ಡಿ.ಗೆ ವಿಷಯ ಹುಡುಕುತ್ತಿರುವವರೇ, ನಿಮ್ಮ ವಿಭಾಗದ ಬೀರುವಿನಲ್ಲಿರುವ ಹಳೆಯ ಪ್ರಬಂಧಗಳನ್ನಷ್ಟೇ ತಿರುವಿ ಹಾಕಬೇಡಿ. ಸಿ.ವಿ. ರಾಮನ್ ಬೆಳಕಿನ ಚದುರುವಿಕೆಗೆ ನೊಬೆಲ್ ಪಡೆದವರು, ನಿಜ. ಅದಕ್ಕೂ ಮೊದಲೇ, 1920ರಲ್ಲಿ, ಅವರು ಮೃದಂಗದ ನಾದದ ಬಗ್ಗೆ ಸಂಶೋಧನೆ ಪ್ರಕಟಿಸಿದ್ದರು. ಸಾಮಾನ್ಯ ಚರ್ಮವಾದ್ಯದಲ್ಲಿ ಮೇಲ್ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ಚರ್ಮದ ನಡುವೆ ಮೆತ್ತಿದ ಕಪ್ಪು ಕರಣೆಯ ಭಾರ ಅವುಗಳನ್ನು ಶ್ರುತಿಗೆ ತರುತ್ತದೆ. ವಾದ್ಯ ಕಟ್ಟುವವರ ಕೈಗೆ ತಲೆಮಾರುಗಳಿಂದ ಗೊತ್ತಿದ್ದ ಈ ಸಂಗತಿಗೆ ರಾಮನ್ ಕಾರಣ ಕೊಟ್ಟರು. ಇದು ಭೌತವಿಜ್ಞಾನವೋ ಸಂಗೀತಶಾಸ್ತ್ರವೋ? ಆಡಳಿತ ಕಚೇರಿಯವರು ತಲೆಕೆಡಿಸಿಕೊಳ್ಳಲಿ ಬಿಡಿ!

ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರವನ್ನೂ ನೋಡಿ. ಗ್ರಂಥ ಸಂಪಾದನೆಯ ಆ ಕೆಲಸದ ಫಲವನ್ನು ಇಂದು ಕಾನೂನು, ಇತಿಹಾಸ, ಅರ್ಥಶಾಸ್ತ್ರದವರೆಲ್ಲ ಉಣ್ಣುತ್ತಿದ್ದಾರೆ.

ಆದರೆ ಪುರಾವೆಯ ಪದ್ಧತಿ ಎಲ್ಲ ಕಡೆಯೂ ಒಂದೇ ಅಲ್ಲ. ವಿಜ್ಞಾನಿಗೆ ಮರುಪ್ರಯೋಗ ಬೇಕು, ಎಂಜಿನಿಯರ್‌ಗೆ ಯಂತ್ರ ಓಡಬೇಕು, ಕಾನೂನಿನವರಿಗೆ ತೀರ್ಪು ಮತ್ತು ಶಾಸನದ ಆಧಾರ ಬೇಕು. ಗೊತ್ತಿಲ್ಲದೆ ಬೆರೆಸಿದರೆ ಮೌಖಿಕ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ.

‘ಶೋಧಗಂಗಾ’ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ನಿಮ್ಮದಲ್ಲದ ವಿಭಾಗದ ಒಂದನ್ನು ಇಳಿಸಿಕೊಂಡು, ಸಂಶೋಧನಾ ವಿಧಾನದ ಅಧ್ಯಾಯವನ್ನಾದರೂ ಈ ವಾರ ಓದಿ ಮುಗಿಸಿ.